ಎತ್ತಿಕೊಡದ ಸಾಲು

“ಹಾಗಾದ್ರೆ ಇನ್ನು ಬರೋದು ಅಂತ ಏನು ಬಾಕಿ ಉಳೀತು?”

ಸಿದ್ದಬಸಪ್ಪನವರು ಪತ್ರಿಕೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಹೀಗೆ ಕೇಳಿದಾಗ ನಡುಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಶೈಲಜಮ್ಮ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದರು. ಮಗ ವೃಷಭೇಂದ್ರಪ್ಪ ಅಂಗಡಿಗೆ ಹೋಗಿಯಾಗಿತ್ತು, ಮೊಮ್ಮಗಳು ಶಿವಕುಮಾರಿ ಕಾಲೇಜಿಗೆ. ಅಡಿಗೆಮನೆಯಲ್ಲಿ ರೇಷನ್ ಅಕ್ಕಿಯ ಕಲ್ಲು ಆರಿಸುತ್ತ ಕೂತಿದ್ದ ಸೊಸೆ ಗಿರಿಜಾಂಬಾಗೆ ಮಾತ್ರ ಅದು ಕೇಳಿಸಿತು. ಉತ್ತರ ಬೇಡದ ಪ್ರಶ್ನೆಯೆಂದು ಅವಳಿಗೆ ಗೊತ್ತಿತ್ತು. ಆ ಮನೆಗೆ ಬಂದಾಗಿನಿಂದ ಅವಳು ಕೈಯಲ್ಲಿ ಏನೇ ಮಾಡುತ್ತಿದ್ದರೂ ಕಿವಿಯಿಂದ ಮಾಡಿದ್ದು ಒಂದೇ ಕೆಲಸ, ಮಾವನವರು ಹೇಳುವುದನ್ನು ಕೇಳಿಸಿಕೊಳ್ಳುವುದು.

ಪತ್ರಿಕೆಯಲ್ಲಿ ಬಂದಿದ್ದದ್ದು ಚುನಾವಣೆಯ ಸುದ್ದಿ. ಸಂಕ್ರಾಂತಿಯ ಆಸುಪಾಸಿಗೆ ದೇಶದಲ್ಲಿರುವವರೆಲ್ಲ, ಗಂಡಸು ಹೆಂಗಸು, ಓದಿದವರು ಹೆಬ್ಬೆಟ್ಟಿನವರು, ಎಲ್ಲರೂ ಓಟು ಹಾಕಬೇಕಂತೆ. ದೊರೆಗಳು ದೊರೆತನ ಬಿಟ್ಟಿದ್ದಾಯಿತು, ಬಿಳಿಯರು ಹಡಗು ಹತ್ತಿದ್ದಾಯಿತು, ಈಗ ಇದೊಂದು.

ಚಾಮರಾಜಪೇಟೆಯ ಆ ಮನೆಯಲ್ಲಿ ಸೋಮವಾರ ಸಂಜೆ ದೀಪ ಹಚ್ಚಿದ ಮೇಲೆ ಕಾಲಜ್ಞಾನ ಹೇಳುವುದು ಹಳೆಯ ಪದ್ಧತಿ. ಮುಂದೆ ಬರುವ ಕಾಲ ಹೇಗಿರುತ್ತದೆ, ಯುಗ ಮುಗಿಯುವ ಮುಂಚೆ ಏನೇನು ಕಾಣಿಸಿಕೊಳ್ಳುತ್ತದೆ ಎಂಬುದನ್ನು ಹಿಂದಿನವರು ಪದ ಕಟ್ಟಿ ಬಿಟ್ಟುಹೋಗಿದ್ದರು. ಆ ಮನೆಯ ಪದಗಳು ಓಲೆಯಲ್ಲಿರಲಿಲ್ಲ, ಕಾಗದದಲ್ಲೂ ಇರಲಿಲ್ಲ. ಸಿದ್ದಬಸಪ್ಪನವರು ತಮ್ಮ ಸೋದರಮಾವನ ಬಾಯಿಂದ ಕಲಿತದ್ದು. ಕಲಿತವನು ಒಂದು ಬೆಳಿಗ್ಗೆ ಲಿಂಗಪೂಜೆಯಾದ ಮೇಲೆ ಹಿರಿಯರ ಎದುರು ಕೂತು ಮೊದಲಿಂದ ಕೊನೆಯವರೆಗೆ ಒಪ್ಪಿಸಬೇಕು. ಹಿರಿಯರು ಅವನ ಹಣೆಗೆ ಹೆಬ್ಬೆರಳಿನಿಂದ ವಿಭೂತಿ ಎಳೆದು “ಒಪ್ಪಿತು, ಇನ್ನು ಇದು ನಿನ್ನ ಬಾಯಿ” ಎನ್ನಬೇಕು. ಅಲ್ಲಿಂದಾಚೆಗೆ ಅವನು ಮಣೆಯ ಮೇಲೆ ಕೂತು ಹೇಳಬಹುದು. ಕಟ್ಟಳೆ ಎರಡೇ. ಹೇಳುವವನು ಅರ್ಥ ಹೇಳಬಾರದು. ಕೇಳುವವನು ಯಾವಾಗ ಎಂದು ಕೇಳಬಾರದು.

ಗಿರಿಜಾಂಬಾ ಗುಬ್ಬಿಯಿಂದ ಸೊಸೆಯಾಗಿ ಬಂದ ವರ್ಷ ಅಡಿಗೆಮನೆಯ ಬಾಗಿಲ ಮರೆಯಲ್ಲಿ ಕೂತು ಮೊದಲ ಸಲ ಕೇಳಿದ್ದಳು. ತವರಿನಲ್ಲೂ ಅವಳ ಅಜ್ಜಿ ರಾಗಿ ಬೀಸುತ್ತ ವಚನ ಹೇಳಿಕೊಳ್ಳುತ್ತಿದ್ದವರು. ಕೇಳಿದ ಪದ ಅವಳಲ್ಲಿ ನೆನೆಹಾಕಿದ ಕಾಳಿನ ಹಾಗೆ ತಾನಾಗಿ ಮೊಳೆಯುತ್ತಿತ್ತು. ಒಂದೆರಡು ವರ್ಷದಲ್ಲಿ ಇಡೀ ಕಾಲಜ್ಞಾನ ಅವಳ ನಾಲಿಗೆಯ ಮೇಲಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೆಂಗಸರು ಆ ಮಣೆಯ ಮೇಲೆ ಕೂತದ್ದಿಲ್ಲ. ಆದರೂ ಪಾತ್ರೆ ತೊಳೆಯುವಾಗ, ಒಲೆ ಸಾರಿಸುವಾಗ, ಒಂದು ದಿನ ತನ್ನ ಹಣೆಗೂ ಆ ವಿಭೂತಿ ಬಿದ್ದರೆ ಎಂದು ಅವಳಿಗೆ ಅನಿಸುತ್ತಿದ್ದದ್ದು ನಿಜ. ಬೇರೆ ಆಸೆಗಳೆಲ್ಲ ಒಂದೊಂದಾಗಿ ತೀರಿದವು, ಇಲ್ಲವೇ ಸವೆದುಹೋದವು. ಅದೊಂದು ಉಳಿಯಿತು.

ಯುದ್ಧ ಮುಗಿದ ವರ್ಷ ಮಾವನವರು ಮೊದಲ ಕಟ್ಟಳೆ ಮುರಿದರು. ಜಪಾನಿನ ಎರಡು ಪಟ್ಟಣಗಳ ಮೇಲೆ ಬಾಂಬು ಬಿದ್ದ ಸುದ್ದಿ ಬಂದ ಮುಂದಿನ ಸೋಮವಾರ, ಪದ ಹೇಳುತ್ತ ಹೇಳುತ್ತ ಒಂದು ಕಡೆ ನಿಂತು, ಕಣ್ಣುಮುಚ್ಚಿ,

“ಮುಗಿಲ ಮೇಲೊಂದು ಬೆಂಕಿಯ ಹೂವರಳಿ
ಪಟ್ಟಣವೆರಡು ಬೂದಿಯಾದಾವು”

ಎಂದರು. “ಇದೇ ನೋಡಿ ಅದು” ಎಂದು ಮಾವನವರು ಅರ್ಥವನ್ನೂ ಹೇಳಿದರು. ಸುದ್ದಿ ಪೇಟೆಗೆ ಹೋಯಿತು. ಅದುವರೆಗೆ ನಾಲ್ಕು ಮಂದಿ ಮುದುಕರು ಬರುತ್ತಿದ್ದ ಸೋಮವಾರಕ್ಕೆ ಜಗಲಿ ತುಂಬ ಜನ ಬರತೊಡಗಿದರು. ಆಮೇಲೆ ರೇಡಿಯೋದ ಸಾಲು ಬಂತು, ವಿಮಾನದ ಸಾಲು ಬಂತು, ರೇಷನ್ ಚೀಟಿಯ ಸಾಲೂ ಬಂತು.

ಗಿರಿಜಾಂಬಾ ಬಾಗಿಲ ಮರೆಯಲ್ಲಿ ಕೂತು ಕೇಳಿದಳು. ಆ ಸಾಲುಗಳು ಮೊದಲು ಇರಲಿಲ್ಲ. ಹಳೆಯ ಸಾಲುಗಳು ಎಂದೂ ಎರಡು, ಮೂರು ಎಂದು ಲೆಕ್ಕ ಹೇಳುತ್ತಿರಲಿಲ್ಲ. ಮಾವನವರು ಬೇಕೆಂದೇ ಸುಳ್ಳು ಹೇಳುವವರಲ್ಲವೆಂದೂ ಅವಳಿಗೆ ಗೊತ್ತಿತ್ತು. ಮರೆತದ್ದು ನೆನಪಾಯಿತೆಂದೇ ಅವರು ನಂಬಿದ್ದರು. ಹೊಸ ಸಾಲುಗಳು ಬಂದಂತೆ ಹಳೆಯವು ಕೆಲವು ಉದುರಿಹೋದವು. ಅದನ್ನು ಅವರೂ ಗಮನಿಸಲಿಲ್ಲ, ಕೇಳುವವರಂತೂ ಇಲ್ಲವೇ ಇಲ್ಲ. ಅವಳು ಗಮನಿಸಿದಳು. ಉದುರಿದವನ್ನು ತನ್ನಲ್ಲೇ ಇಟ್ಟುಕೊಂಡಳು.

ಈ ವರ್ಷ ನವರಾತ್ರಿಯಲ್ಲಿ ಮಾವನವರು ಸ್ನಾನದ ಮನೆಯಲ್ಲಿ ತಲೆ ತಿರುಗಿ ಬಿದ್ದರು. ಕೈಕಾಲಿಗೆ ಏನೂ ಆಗಲಿಲ್ಲ. ಮಾತು ಮಾತ್ರ ನಡುನಡುವೆ ಕೈತಪ್ಪುತ್ತಿತ್ತು. ಚೊಂಬು ಕೇಳಬೇಕಾದರೆ “ಅದು, ಅದು” ಎನ್ನುವರು. ದೀಪಾವಳಿಯಾದ ಮೇಲೆ ಒಂದು ಮಧ್ಯಾಹ್ನ ಅಡಿಗೆಮನೆಯ ಹೊಸಲಿಗೆ ಬಂದು ನಿಂತರು.

“ಗಿರಿಜಮ್ಮ, ನಿಂಗೆ ಬರುತ್ತೆ ಅಲ್ವಾ?”

“ಏನು ಮಾವ?”

“ನನ್ನ ಹತ್ರ ಆಟ ಆಡ್ಬೇಡ. ಹಿಟ್ಟು ನಾದೋವಾಗ ನಿನ್ನ ತುಟಿ ಅಲ್ಲಾಡೋದು ನೋಡಿದೀನಿ. ಸೋಮವಾರ ಬಾಗಿಲ ಹಿಂದೆ ಕೂತಿರು. ನಾನು ನಿಂತ್ಬಿಟ್ರೆ ಮುಂದಿನ ಸಾಲು ಮೆಲ್ಲಗೆ ಎತ್ತಿಕೊಡು.”

“ಆಗ್ಲಿ ಮಾವ.”

“ನಿಮ್ಮತ್ತೆಗೆ ಹೇಳ್ಬೇಡ.”

ಹಿತ್ತಲ ಬಾಗಿಲಿಂದ ಶೈಲಜಮ್ಮನ ದನಿ ಬಂತು. “ನಿಮ್ಮತ್ತೆಗೆ ಕಿವಿ ಇದೆ. ನೀವು ಗುಟ್ಟು ಹೇಳಿದ್ರೆ ಬಸವನಗುಡಿವರೆಗೂ ಕೇಳುತ್ತೆ.”

ಹಾಗೆ ಶುರುವಾಯಿತು. ಮೊದಲ ಸೋಮವಾರ ಕಡಲೆಕಾಯಿ ಪರಿಷೆ ಇದ್ದುದರಿಂದ ಜನ ಕಡಿಮೆ. ಮಾವನವರು ಮೂರುನಾಲ್ಕು ಕಡೆ ನಿಂತರು, ಅವಳು ಎತ್ತಿಕೊಟ್ಟಳು, ಅವರು ಹಿಡಿದುಕೊಂಡು ಹೋದರು. ಯಾರಿಗೂ ತಿಳಿಯಲಿಲ್ಲ. ಊಟಕ್ಕೆ ಕೂತಾಗ ಅವರು ತಲೆಯೆತ್ತದೆ “ಸಾರು ಚೆನ್ನಾಗಿದೆ” ಎಂದರು. ಸಾರಿಗೆ ಅವತ್ತು ಹುಣಿಸೆ ಜಾಸ್ತಿಯಾಗಿತ್ತು.

ವೃಷಭೇಂದ್ರಪ್ಪ ನೂಲಿನ ವ್ಯಾಪಾರ ಬಿಟ್ಟು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಎರಡು ವರ್ಷದಿಂದ ಮೈಕ್‌ಸೆಟ್ಟನ್ನೂ ಬಾಡಿಗೆಗೆ ಕೊಡುತ್ತಿದ್ದ. ಮದುವೆ, ಉತ್ಸವ ಬಿಟ್ಟರೆ ಹೆಚ್ಚು ಕೆಲಸವಿರಲಿಲ್ಲ. ಆದರೆ ಈಗ ಚುನಾವಣೆ ಬಂತು. ಮರದ ಮಂಡಿಯ ದೊಡ್ಡಬೈರಪ್ಪ ಪಕ್ಷೇತರನಾಗಿ ನಿಂತ. ಅವನಿಗೆ ಸಿಕ್ಕ ಗುರುತು ಏಣಿ. ಕ್ಷೇತ್ರದ ಸಭೆಗಳಿಗೆಲ್ಲ ವೃಷಭೇಂದ್ರಪ್ಪನ ಮೈಕೇ ಆಗಲಿ ಎಂದು ಮಾತಾಯಿತು.

ಆ ರಾತ್ರಿ ಊಟಕ್ಕೆ ಹಿತಕಿದ ಅವರೆಯ ಹುಳಿ. ವೃಷಭೇಂದ್ರಪ್ಪ ಎರಡನೇ ಸಲ ಬಡಿಸಿಕೊಂಡು ಅಪ್ಪನ ಕಡೆ ತಿರುಗಿದ.

“ಅಪ್ಪಾಜಿ, ದೊಡ್ಡಬೈರಪ್ಪನೋರು ನಿಮ್ಮ ವಿಷಯ ಕೇಳಿದ್ರು. ಸೋಮವಾರ ಬಂದು ಕೂತು ಕೇಳ್ತಾರಂತೆ.”

“ಬರಲಿ. ಬಾಗಿಲು ಯಾರಿಗೂ ಹಾಕಿಲ್ಲ.”

“ಅಲ್ಲ, ಕಾಲಜ್ಞಾನದಲ್ಲಿ ಏಣಿ ಏನಾದ್ರೂ ಬರುತ್ತಾ ಅಂತ ಕೇಳಿದ್ರು.”

ಶಿವಕುಮಾರಿ ನೀರು ಕುಡಿಯುತ್ತಿದ್ದವಳು ಪುರುಕ್ಕನೆ ನಕ್ಕಳು. “ತಾತ, ಎದುರು ಪಕ್ಷದವರದು ಏನು ಗುರುತೋ ಅದನ್ನೂ ಸೇರಿಸಿಬಿಡಿ. ಯಾರು ಗೆದ್ರೂ ಕಾಲಜ್ಞಾನ ಗೆದ್ದಂಗೆ.”

“ನಿನ್ನ ಇಂಟರ್‌ಮೀಡಿಯೆಟ್ಟು ಇಷ್ಟೇ ಕಲಿಸಿದ್ದು” ಎಂದರು ಶೈಲಜಮ್ಮ. “ತಟ್ಟೆಯಲ್ಲಿ ಬಿಟ್ಟಿರೋ ಅವರೆಕಾಳು ತಿನ್ನು. ಹಿತಕೋಕೆ ನಿಮ್ಮಮ್ಮನ ಹೆಬ್ಬೆಟ್ಟು ಊದಿದೆ.”

ಸಿದ್ದಬಸಪ್ಪನವರು ಅನ್ನ ಕಲಸುತ್ತ ಕೂತರು. ಆಮೇಲೆ, “ಮುಗಿಲಿಗೆ ಏಣಿ ಅಂತ ಒಂದು ಎಲ್ಲೋ ಬರುತ್ತೆ” ಎಂದರು.

ಗಿರಿಜಾಂಬಾ ಮಜ್ಜಿಗೆ ಬಡಿಸುತ್ತಿದ್ದಳು. ಅಂಥ ಸಾಲು ಎಲ್ಲೂ ಬರುತ್ತಿರಲಿಲ್ಲ.

“ಅಷ್ಟು ಸಾಕಲ್ಲ” ಎಂದ ವೃಷಭೇಂದ್ರಪ್ಪ. “ಊರು ಉದ್ಧಾರ ಆಗುತ್ತೆ ಅಂತ ಮುಂದಿನ ಸಾಲೇನಾದ್ರೂ ಇದ್ಯಾ ನೋಡಿ.”

“ನೋಡ್ತೀನಿ.”

“ಅದೇನು ಬೀರುವಲ್ಲಿ ಇಟ್ಟಿರೋ ಪಂಚೆನಾ, ನೋಡಿ ತೆಗೆಯೋಕೆ?” ಎಂದರು ಶೈಲಜಮ್ಮ.

ಮರುದಿನ ಗಂಡ ಅಂಗಡಿಗೆ ಹೊರಟಾಗ ಗಿರಿಜಾಂಬಾ ಟಿಫನ್ ಡಬ್ಬಿ ಕೊಡುತ್ತ, “ರೀ, ಏಣಿ ಅಂತ ಇಲ್ಲ” ಎಂದಳು.

“ನಿಂಗೇನು ಗೊತ್ತು?”

“ಇಲ್ಲ ಅಂತ ಗೊತ್ತು.”

ವೃಷಭೇಂದ್ರಪ್ಪ ಕೆಟ್ಟವನಲ್ಲ. ಹೆಂಡತಿಯ ಮೇಲೆ ದನಿಯೆತ್ತಿದವನಲ್ಲ. ಸೈಕಲ್ಲಿಗೆ ಡಬ್ಬಿ ಸಿಕ್ಕಿಸುತ್ತ ನಿಧಾನವಾಗಿ ಹೇಳಿದ. “ನೋಡು, ಅಪ್ಪಾಜಿ ಬಿದ್ದಾಗಿಂದ ಮೂಲೆ ಹಿಡಿದುಬಿಟ್ಟಿದ್ರು. ಈಗ ನಾಲ್ಕು ಜನ ಬಂದು ಕೇಳ್ತಾರೆ ಅಂದ್ರೆ ಮುಖದಲ್ಲಿ ಕಳೆ ಬರುತ್ತೆ. ನಂಗೂ ಕೆಲಸ ಆಗುತ್ತೆ. ಒಂದು ಸಾಲಿಂದ ಯಾರ ಮನೆ ಹಾಳಾಗುತ್ತೆ?”

ಅವನ ಮಾತಿನ ಅರ್ಧ ನಿಜವಾಗಿತ್ತು.

ಮಾರ್ಗಶಿರದ ಕೊನೆಗೆ ಹತ್ತಿರದ ಶಾಲೆಯಲ್ಲಿ ಓಟು ಹಾಕುವುದು ಹೇಗೆಂದು ತೋರಿಸುವ ಏರ್ಪಾಡಾಯಿತು. ಹೆಂಗಸರೂ ಬರಬೇಕೆಂದು ಮನೆಮನೆಗೆ ಹೇಳಿಹೋಗಿದ್ದರು. ಶೈಲಜಮ್ಮ ಮೊದಲು ಬೇಡವೆಂದರು, ಆಮೇಲೆ ಪಕ್ಕದ ಮನೆಯವರು ಹೊರಟದ್ದು ಕಂಡು ಸೀರೆ ಬದಲಾಯಿಸಿದರು. ಶಿವಕುಮಾರಿ ಇಬ್ಬರನ್ನೂ ಕರೆದುಕೊಂಡು ಹೋದಳು.

ಶಾಲೆಯ ಮೇಷ್ಟರೊಬ್ಬರು ಮೇಜಿನ ಮೇಲೆ ಕಬ್ಬಿಣದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಮೇಲೆ ಗುರುತಿನ ಚಿತ್ರ ಅಂಟಿಸಿರುತ್ತದೆ, ನಿಮಗೆ ಬೇಕಾದವರ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರುವುದು, ಅಷ್ಟೇ ಎಂದರು.

“ನಾನು ಹಾಕಿದ್ದು ಯಾರಿಗೂ ತಿಳಿಯಲ್ವೇ?” ಎಂದು ಕೇಳಿದರು ಶೈಲಜಮ್ಮ.

“ಯಾರಿಗೂ ತಿಳಿಯಲ್ಲ ತಾಯಿ.”

“ನಮ್ಮ ಮನೆಯವರಿಗೂ?”

“ಅವರಿಗಂತೂ ತಿಳಿಯಲೇಬಾರದು.”

“ಇದು ಒಳ್ಳೇ ವ್ಯವಸ್ಥೆ” ಎಂದರು ಶೈಲಜಮ್ಮ. ಸುತ್ತ ನಿಂತ ಹೆಂಗಸರು ಬಾಯಿಗೆ ಸೆರಗು ಹಿಡಿದರು.

“ಹೀಗೆ ಊರಿನವರೆಲ್ಲ ಸೇರಿ ಈ ಪೆಟ್ಟಿಗೆಯಿಂದ ಹೊಸ ದೊರೆಯನ್ನ ತೆಗೀತೀವಿ” ಎಂದು ಮೇಷ್ಟರು ಪೆಟ್ಟಿಗೆಯ ಬೆನ್ನು ತಟ್ಟಿದರು.

ಗಿರಿಜಾಂಬಾ ಪೆಟ್ಟಿಗೆಯನ್ನೇ ನೋಡಿದಳು. ಮದುವೆಯಾಗಿ ಬಂದ ವರ್ಷ ಕೇಳಿದ ಸಾಲು, ಮಾವನವರು ಬಹಳ ಕಾಲದಿಂದ ಹೇಳದೇ ಬಿಟ್ಟ ಸಾಲು, ಯಾರೋ ಕಿವಿಯಲ್ಲಿ ಉಸುರಿದಂತೆ ಎದ್ದುಬಂತು.

“ತೊಟ್ಟಿಲು ಕಾಣದ ಅರಸು ಪೆಟ್ಟಿಗೆಯಲಿ ಹುಟ್ಯಾನು
ತಾಯಿ ಯಾರು ಎಂದರೆ ಊರೆಲ್ಲ ಕೈ ಎತ್ತೀತು.”

ಆ ಕಾಲದಲ್ಲಿ ಈ ಸಾಲು ಬಂದಾಗ ಮುದುಕರು ಸುಮ್ಮನೆ ತಲೆದೂಗಿ ಮುಂದಿನದಕ್ಕೆ ಕಿವಿಗೊಡುತ್ತಿದ್ದರು. ಯಾರಿಗೂ ಅರ್ಥವಾಗುತ್ತಿರಲಿಲ್ಲ. ಬೆಂಕಿಯ ಹೂವು ಬಂದು ಕೂತದ್ದು ಇದೇ ಸಾಲಿನ ಜಾಗದಲ್ಲಿ.

“ಅಮ್ಮ, ಯಾಕೆ ಮಂಕಾಗಿದೀಯಾ? ಬಿಸಿಲಾ?” ಎಂದಳು ಶಿವಕುಮಾರಿ.

“ಏನಿಲ್ಲ. ನಡಿ, ಒಲೆ ಮೇಲೆ ಬೇಳೆ ಇಟ್ಟು ಬಂದಿದೀನಿ.”

ಒಲೆ ಮೇಲೆ ಏನೂ ಇರಲಿಲ್ಲ. ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಶಿವಶಿವಾ ಎಂದುಕೊಂಡಳು. ಹೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂದದ್ದನ್ನು ಅಲ್ಲೇ ತಡೆದಳು. ಅರ್ಥ ಹೇಳಬಾರದು ಎಂದಿದ್ದವರು ಯಾಕೆ ಹಾಗೆಂದರೋ, ಅವತ್ತು ಸ್ವಲ್ಪ ತಿಳಿದಂತಾಯಿತು. ಅರ್ಥ ಹಚ್ಚಿದ ಸಾಲು ಆಮೇಲೆ ಅದೊಂದನ್ನೇ ಹೇಳುತ್ತದೆ.

ಸೋಮವಾರ ಸಂಜೆ ದೊಡ್ಡಬೈರಪ್ಪ ಬಂದ. ಜೊತೆಗೆ ಅವನ ಬಲಗೈಯಾದ ಶೀನಣ್ಣ, ಕೊರಳಿಗೆ ಮಫ್ಲರ್ ಸುತ್ತಿಕೊಂಡವನು. ಸುದ್ದಿ ಹಬ್ಬಿದ್ದರಿಂದ ಜನ ಜಗಲಿಯಲ್ಲಿ ಹಿಡಿಸದೆ ಬೀದಿಯಲ್ಲೂ ನಿಂತರು. ವೃಷಭೇಂದ್ರಪ್ಪ ಪರೀಕ್ಷೆಗೆಂದು ಅಂಗಳದಲ್ಲಿ ಒಂದು ಮೈಕು ನಿಲ್ಲಿಸಿ, ಹಾರ್ನನ್ನು ಕಿಟಕಿಯ ಸರಳಿಗೆ ಕಟ್ಟಿದ್ದ. ಶೈಲಜಮ್ಮ ಅದನ್ನು ನೋಡಿ, “ಶಿವನಿಗೆ ಇಷ್ಟು ದಿನ ಕಿವಿ ಕೇಳ್ತಾ ಇತ್ತು. ಈಗ ಮಂದ ಆಯ್ತೇನೋ” ಎಂದರು.

ಸಿದ್ದಬಸಪ್ಪನವರು ಹಣೆಗೆ ದಪ್ಪ ವಿಭೂತಿ ಹಚ್ಚಿ ಮಣೆಯ ಮೇಲೆ ಕೂತರು. ಶುರುವಿನಲ್ಲಿ ದನಿ ಚೆನ್ನಾಗಿ ನಡೆಯಿತು. ಒಂದೆರಡು ಕಡೆ ತಡವರಿಸಿದರು. ಗಿರಿಜಾಂಬಾ ಬಾಗಿಲ ಹಿಂದಿನಿಂದ ಮೆಲ್ಲಗೆ ಕೊಟ್ಟಳು, ಅವರು ತೆಗೆದುಕೊಂಡರು. ಕೆರೆ ಬತ್ತುವ ಸಾಲು, ಕೂಸು ಹಿರಿಯರಿಗೆ ಬುದ್ಧಿ ಹೇಳುವ ಸಾಲು ದಾಟಿ, ಬೆಂಕಿಯ ಹೂವಿನ ಹತ್ತಿರ ಬಂದರು. ಎಲ್ಲರೂ ಕಾದಿದ್ದ ಜಾಗ ಅದು. ಅಲ್ಲಿಂದ ಮುಂದೆ ಏಣಿ.

“ಮುಗಿಲ ಮೇಲೊಂದು...” ಎಂದರು. ನಿಂತರು.

ಬಾಗಿಲ ಕಡೆ ಅವರ ತಲೆ ಒಂದಿಷ್ಟು ವಾಲಿತು.

ಗಿರಿಜಾಂಬಾಗೆ ಸಾಲು ಗೊತ್ತಿತ್ತು. ಎಷ್ಟೋ ಸೋಮವಾರ ಕೇಳಿದ್ದ ಸಾಲು. ಆದರೆ ತನ್ನ ಬಾಯಿಂದ ಅದನ್ನು ಎಂದೂ ಹೇಳಿರಲಿಲ್ಲ, ಪಾತ್ರೆ ತೊಳೆಯುವಾಗಲೂ. ಈಗ ಹೇಳಬೇಕೆಂದು ಬಾಯಿ ತೆರೆದಳು. ದನಿ ಹೊರಡಲಿಲ್ಲ.

“ಮುಗಿಲ ಮೇಲೊಂದು...” ಮಾವನವರು ಮತ್ತೆ ಹೇಳಿದರು. ಅದು ಹಾರ್ನಿನಲ್ಲಿ ಬೀದಿಯ ತುದಿಯವರೆಗೆ ಹೋಯಿತು. ಅವರ ಉಸಿರಾಟವೂ ಜೊತೆಗೇ ಹೋಯಿತು. ಯಾರೋ ಕೆಮ್ಮಿದರು. ಶೀನಣ್ಣ ದೊಡ್ಡಬೈರಪ್ಪನ ಮುಖ ನೋಡಿದ.

ಆಮೇಲೆ ಮಾವನವರು ಕೈಮುಗಿದು, “ಇವತ್ತಿಗೆ ಇಷ್ಟು. ಶರಣು ಶರಣಾರ್ಥಿ” ಎಂದು ಎದ್ದರು.

ಜನ ಹೋದ ಮೇಲೆ ಎಲೆ ಹಾಕಿದಾಗ ವೃಷಭೇಂದ್ರಪ್ಪನೇ ಶುರು ಮಾಡಿದ.

“ಬಾಗಿಲ ಹಿಂದೆ ಯಾರು ಕೂತಿದ್ರು ಅಂತ ನಂಗೆ ಈಗ ಗೊತ್ತಾಯ್ತು. ಅಲ್ಲಿವರೆಗೂ ಎತ್ತಿಕೊಟ್ಟೋಳು ಅಲ್ಲಿ ಯಾಕೆ ಬಾಯಿ ಮುಚ್ಚಿಕೊಂಡೆ?”

“ಬರ್ಲಿಲ್ಲ.”

“ಸಾಲು ಬರ್ಲಿಲ್ವೋ, ಹೇಳೋಕೆ ಮನಸ್ಸು ಬರ್ಲಿಲ್ವೋ?”

“ಎರಡೂ ಅನ್ಕೊಳ್ಳಿ.”

“ದೊಡ್ಡಬೈರಪ್ಪನೋರು ಏನಂದ್ರು ಗೊತ್ತಾ? ಮುದುಕರಿಗೆ ಆಗಲ್ಲ ಅಂದ್ರೆ ಮೊದಲೇ ಹೇಳಬಾರದಾ ಅಂದ್ರು. ಬೀದೀಲಿ. ಎಲ್ಲರ ಮುಂದೆ.”

“ಅಂದೋನು ಅವನು. ಅದಕ್ಕೆ ಅವಳನ್ನ ಯಾಕೆ ಹಿಡ್ಕೊಂಡೆ?” ಎಂದರು ಶೈಲಜಮ್ಮ. “ನಿಮ್ಮಪ್ಪ ಮರೆತರು. ವಯಸ್ಸಾಯ್ತು. ನಾನು ಮೊನ್ನೆ ಉಪ್ಪು ಎರಡು ಸಲ ಹಾಕಿದೆ, ನನ್ನನ್ನ ಯಾರೂ ಮೈಕಿನಲ್ಲಿ ಕೂಗಲಿಲ್ಲ.”

“ಅಮ್ಮ ಮಾಡಿದ್ದು ಸರಿ” ಎಂದಳು ಶಿವಕುಮಾರಿ. “ಬಾಂಬು ಬಿದ್ದ ಮೇಲೆ ಬಾಂಬಿನ ಭವಿಷ್ಯ. ನಾಳೆ ಪತ್ರಿಕೆ ಓದಿ ನಾನೂ ನಿನ್ನೆಯ ಭವಿಷ್ಯ ಹೇಳ್ತೀನಿ.”

“ಕುಮಾರಿ” ಎಂದಳು ಗಿರಿಜಾಂಬಾ. ಅಷ್ಟೇ. ಮಗಳು ತಲೆ ತಗ್ಗಿಸಿದಳು. ಆ ಮಾತನ್ನು ಮಾವನವರೆದುರು ಯಾರ ಬಾಯಿಂದಲೂ ಕೇಳುವುದು ಗಿರಿಜಾಂಬಾಗೆ ಬೇಕಿರಲಿಲ್ಲ. ನಿಜವಾಗಿದ್ದರೂ ಬೇಕಿರಲಿಲ್ಲ.

ಸಿದ್ದಬಸಪ್ಪನವರು ಮೊಸರನ್ನಕ್ಕೆ ಉಪ್ಪಿನಕಾಯಿ ಕೂಡ ಕೇಳದೆ ಊಟ ಮುಗಿಸಿ ಎದ್ದರು.

ಅದಾದ ಮೇಲಿನ ದಿನಗಳಲ್ಲಿ ಅವರು ಸೊಸೆಯ ಜೊತೆ ಮುನಿಸು ತೋರಿಸಲಿಲ್ಲ, ಮಾತನ್ನೂ ಆಡಲಿಲ್ಲ. ಅವಳು ಕಾಫಿ ಇಟ್ಟರೆ ಕುಡಿದರು. ಮುಂದಿನ ಸೋಮವಾರ ದೀಪ ಹಚ್ಚಿದಾಗ ಮಣೆ ಹಾಕಬೇಡಿ ಎಂದರು. ಬಂದವರು ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, ಚುನಾವಣೆಯ ಮಾತಾಡಿ, ಎದ್ದುಹೋದರು. ಮೈಕಿನ ಕೆಲಸ ಬೇರೆಯವರ ಪಾಲಾಗುವ ಹಾಗಿದೆ ಎಂದು ವೃಷಭೇಂದ್ರಪ್ಪ ಹೇಳಿದ. ಹೇಳುವಾಗ ಹೆಂಡತಿಯ ಮುಖ ನೋಡಲಿಲ್ಲ.

ಗಿರಿಜಾಂಬಾ ಅವರೆಕಾಳು ನೆನೆಹಾಕಿದಳು, ಹಿತಕಿದಳು, ನೀರೊಲೆಗೆ ಸೌದೆ ಒಡ್ಡಿದಳು. ತುಟಿ ಮಾತ್ರ ಅಲ್ಲಾಡಲಿಲ್ಲ. ಮಣೆಯಿಲ್ಲದ ಸೋಮವಾರ ಅವಳನ್ನು ಒಳಗೇ ಕೊರೆಯುತ್ತಿತ್ತು. ತಾನು ಒಂದು ಸಾಲು ಬಿಟ್ಟದ್ದರಿಂದ ಎಲ್ಲ ಸಾಲುಗಳೂ ನಿಂತುಹೋದವಲ್ಲ ಎಂದು.

ಸಂಕ್ರಾಂತಿಗೆ ಎಳ್ಳು ಹುರಿಯುತ್ತಿದ್ದ ಬೆಳಿಗ್ಗೆ ಮಾವನವರು ಪೂಜೆಗೆ ಕೂತಲ್ಲಿಂದಲೇ ಕೂಗಿದರು.

“ಗಿರಿಜಮ್ಮ, ಬಾಣಲೆ ಇಳಿಸಿ ಬಾ. ಒಪ್ಪಿಸು.”

ಅವಳಿಗೆ ತಾನು ಕೇಳಿದ್ದು ಸರಿಯೇ ಎಂಬ ಅನುಮಾನ. ಬಾಣಲೆ ಕೆಳಗಿಳಿಸಿ, ಕೈಕಾಲು ತೊಳೆದು, ಸೆರಗು ಹೊದ್ದು ಹೋದಳು. ಮಾವನವರು ಪೂಜೆ ಮುಗಿಸಿ ಕೂತಿದ್ದರು. ಎದುರಿಗೆ ವಿಭೂತಿಯ ಗಟ್ಟಿ. ತಮ್ಮ ಮಣೆಯನ್ನು ಅವಳ ಕಡೆ ತಳ್ಳಿದರು. ಅವಳು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಪಕ್ಕದಲ್ಲಿ ನೆಲದ ಮೇಲೆ ಕೂತಳು.

“ಮೊದಲಿಂದ” ಎಂದರು.

ಅವಳು ಶುರು ಮಾಡಿದಳು. ಮೊದಮೊದಲು ಒಂದೊಂದೇ ಪದ ಬಂತು. ಆಮೇಲೆ ತಾನೇ ದಾರಿ ಹಿಡಿಯಿತು. ಅಂಗಡಿಗೆ ಹೊರಟಿದ್ದ ವೃಷಭೇಂದ್ರಪ್ಪ ಚಪ್ಪಲಿ ಮೆಟ್ಟದೆ ಹೊಸಲಲ್ಲಿ ನಿಂತ. ಶೈಲಜಮ್ಮ ಬೆಲ್ಲ ಕತ್ತರಿಸುವ ಕತ್ತರಿಯನ್ನು ಸದ್ದಾಗದಂತೆ ಕೆಳಗಿಟ್ಟರು. ಕೆರೆ ಬತ್ತುವ ಸಾಲು ಬಂತು, ಕೂಸು ಬುದ್ಧಿ ಹೇಳುವ ಸಾಲು ಬಂತು. ಅವಳು ನಿಲ್ಲದೆ,

“ತೊಟ್ಟಿಲು ಕಾಣದ ಅರಸು ಪೆಟ್ಟಿಗೆಯಲಿ ಹುಟ್ಯಾನು...”

ಮಾವನವರು ಕಣ್ಣು ಬಿಟ್ಟರು. “ನಿಲ್ಲು. ಇದೆಲ್ಲಿಂದ ಬಂತು?”

“ನೀವೇ ಹೇಳ್ತಿದ್ರಿ ಮಾವ. ನಾನು ಬಂದ ಹೊಸದರಲ್ಲಿ.”

“ಇಲ್ಲಿ ಬೆಂಕಿ ಹೂವಲ್ವಾ ಬರೋದು?”

“ಆಮೇಲೆ ಅದು ಬಂತು. ಇದು ಬಿಟ್ಟೋಯ್ತು.”

ಮಾವನವರ ತುಟಿ ಮೆಲ್ಲಗೆ ಆ ಸಾಲನ್ನು ಹಿಂಬಾಲಿಸಿತು. ಒಂದು ಸಲ, ಮತ್ತೊಂದು ಸಲ. “ತಾಯಿ ಯಾರು ಎಂದರೆ...” ಎಂದು ತಡವರಿಸಿದರು.

“ಊರೆಲ್ಲ ಕೈ ಎತ್ತೀತು” ಎಂದು ಅವಳು ಎತ್ತಿಕೊಟ್ಟಳು.

“ಹೌದು. ನಮ್ಮ ಸೋದರಮಾವ ಇಲ್ಲಿ ಕೈ ಎತ್ತಿ ತೋರಿಸೋರು. ನಾನು ಹೇಗೆ ಮರೆತೆ?” ಅವರು ತಾವೂ ಒಂದು ಕೈ ಎತ್ತಿ ನೋಡಿದರು. ಆಮೇಲೆ ಮುಖ ಬೆಳಗತೊಡಗಿತು. “ಪೆಟ್ಟಿಗೆ. ಊರೆಲ್ಲ ತಾಯಿ. ಗಿರಿಜಮ್ಮ, ಇದು ಓಟು. ಇದು ಓಟಲ್ವಾ?”

ಅವಳು ಸೆರಗಿನ ಅಂಚು ಸರಿಮಾಡಿಕೊಂಡಳು.

“ನಿಂಗೂ ಗೊತ್ತಾಗಿದೆ. ಮುಖದಲ್ಲೇ ಇದೆ. ಗೊತ್ತಿದ್ದೂ ಸುಮ್ಮನಿದ್ಯಾ?”

“ಹೇಳೋರು ಅರ್ಥ ಹೇಳಬಾರದು ಅಂತ ನೀವೇ ಹೇಳಿದ್ರಲ್ಲ ಮಾವ.”

“ಅದು ಆ ಕಾಲಕ್ಕೆ” ಎಂದರು ಮಾವನವರು. “ಮುಂದಿನದು ಹೇಳು, ಮುಗಿಸು.”

ಅವಳು ಮುಗಿಸಿದಳು. ರೇಡಿಯೋ ಇರಲಿಲ್ಲ, ವಿಮಾನ ಇರಲಿಲ್ಲ, ರೇಷನ್ ಚೀಟಿ ಇರಲಿಲ್ಲ. ಅವರು ಒಂದನ್ನೂ ಕೇಳಲಿಲ್ಲ. ಮುಗಿದಾಗ ಹೆಬ್ಬೆರಳನ್ನು ವಿಭೂತಿಯ ಮೇಲೆ ತೀಡಿದರು. ಆ ಬೆರಳು ಅವಳ ಹಣೆಯ ಕಡೆ ಬಂದು ನಡುದಾರಿಯಲ್ಲಿ ನಿಂತಿತು.

“ವೃಷಭೇಂದ್ರ” ಎಂದರು, “ದೊಡ್ಡಬೈರಪ್ಪನ ಕೊನೇ ಸಭೆ ಯಾವಾಗ?”

“ಸೋಮವಾರಾನೇ ಅಪ್ಪಾಜಿ. ಮೈದಾನದಲ್ಲಿ.”

“ಅವನಿಗೆ ಹೇಳು, ಏಣಿ ಸಾಲು ಇಲ್ಲ, ಅದಕ್ಕಿಂತ ದೊಡ್ಡದು ಇದೆ ಅಂತ. ಸುಳ್ಳಲ್ಲ, ನಿಜವಾದ ಸಾಲು. ಗಿರಿಜಮ್ಮ, ನೀನೇ ಹೇಳು. ನನ್ನ ಮಣೆ ಮೇಲೆ ಕೂತು, ಮೈಕಿನ ಮುಂದೆ. ನಮ್ಮ ವಂಶದಲ್ಲಿ ಯಾವ ಹೆಂಗಸಿಗೂ ಸಿಗದೇ ಇದ್ದದ್ದು. ಅರ್ಥ ನೀನು ಹೇಳೋದೇ ಬೇಡ. ಪಕ್ಕದಲ್ಲಿ ಕೂತು ನಾನು ಹೇಳ್ತೀನಿ.”

“ಏನಂತ ಹೇಳ್ತೀರಿ ಮಾವ?”

“ಪೆಟ್ಟಿಗೆ ಅಂದ್ರೆ ಇದೇ ಪೆಟ್ಟಿಗೆ ಅಂತ. ಯುಗ ತಿರುಗೋ ಹೊತ್ತು ಇದೇ ಅಂತ.”

“ಯಾರ ಪೆಟ್ಟಿಗೆ ಅಂತ ಕೇಳಿದ್ರೆ?”

ಮಾವನವರು ಮಗನ ಕಡೆ ನೋಡಿದರು. ಹೊಸಲಿಂದ ವೃಷಭೇಂದ್ರಪ್ಪ ಹೇಳಿದ. “ಅದನ್ನ ಹೇಳೋದೇ ಬೇಡ. ವೇದಿಕೆ ಮೇಲೆ ಹಿಂದುಗಡೆ ಏಣಿ ನಿಲ್ಸಿರ್ತಾರೆ. ಜನ ನೋಡ್ಕೋತಾರೆ.”

ಶೈಲಜಮ್ಮ ಬೆಲ್ಲದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಒಂದು ಸಂಜೆ, ಗಿರಿಜಾ” ಎಂದ ವೃಷಭೇಂದ್ರಪ್ಪ. ಅವನ ದನಿಯಲ್ಲಿ ಕೋಪವಿರಲಿಲ್ಲ. “ಸುಳ್ಳು ಸಾಲು ಬೇಡ ಅಂದೆ, ಸರಿ. ಇದು ನಿಜದ್ದು. ಇದಕ್ಕೂ ಬೇಡ ಅಂದ್ರೆ ನಿಂಗೆ ಬೇಕಾಗಿರೋದಾದ್ರೂ ಏನು?”

ಬೇಕಾಗಿದ್ದದ್ದು ಮಾವನವರ ಹೆಬ್ಬೆರಳ ತುದಿಯಲ್ಲಿತ್ತು. ಬೂದಿ ಒಣಗಿ ಕಣಕಣವಾಗಿ ನೆಲಕ್ಕೆ ಉದುರುತ್ತಿತ್ತು.

“ನಂಗಿನ್ನು ಆಗಲ್ಲ” ಎಂದರು ಮಾವನವರು ಮೆತ್ತಗೆ. “ಇವನು ಕಲೀಲಿಲ್ಲ. ನಿನ್ನ ಬಾಯಿ ಬಿಟ್ರೆ ಇದಕ್ಕೆ ಬೇರೆ ಬಾಯಿಲ್ಲ. ಸೋಮವಾರ ಬರ್ತೀನಿ ಅನ್ನು, ಈಗಲೇ ಒಪ್ಪಿತು ಅಂತೀನಿ. ಇಲ್ದೇ ಇದ್ರೆ ಇದು ನನ್ನ ಜೊತೆ ಹೋಗುತ್ತೆ. ಬರ್ತೀಯಾ?”

ಗಿರಿಜಾಂಬಾ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇಲ್ಲ ಮಾವ, ಬರಲ್ಲ. ಅರ್ಥ ಹೇಳೋರ ಪಕ್ಕ ಕೂತು ನಾನು ಇದನ್ನ ಎಲ್ಲೂ ಹೇಳಲ್ಲ.”